ಚಿಕ್ಕಪ್ಪನ ಒಂದು ಸುತ್ತು

ನಮ್ಮ ರೈಲು ಎಲ್ಲಿಗೂ ಹೋಗುವುದಿಲ್ಲ. ಮನೆಯ ಹಿಂದಿನ ಸ್ಟೇಷನ್ನಿನಿಂದ ಹೊರಟು, ನಮ್ಮ ಹುಲ್ಲುಗಾವಲು ದಾಟಿ, ಕೊಳದ ಪಕ್ಕದಲ್ಲಿ ಬಾಗಿ, ಚಿಕ್ಕಪ್ಪನ ಜಮೀನಿನಲ್ಲಿರುವ ಏರು ಹತ್ತಿ ಇಳಿದು, ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಇಷ್ಟಕ್ಕೆ ಜನ ಮಕ್ಕಳುಮರಿ ಕಟ್ಟಿಕೊಂಡು ಅಷ್ಟು ದೂರದಿಂದ ಯಾಕೆ ಬರುತ್ತಾರೆ ಎಂದು ನನ್ನನ್ನು ಕೇಳಿದರೆ ಪ್ರಯೋಜನವಿಲ್ಲ. ನಾನು ಹುಟ್ಟುವ ಮೊದಲೇ ಹಳಿ ಬಿದ್ದಿತ್ತು. ಬೇರೆ ಮನೆಯ ಮಗು ಅಂಬೆಗಾಲಿಟ್ಟು ಹೊಸಿಲು ದಾಟಿದರೆ ನಾನು ಹಳಿ ದಾಟಿದೆನಂತೆ.

ಇದನ್ನು ಕಟ್ಟಿದವರು ಅಪ್ಪ ಮತ್ತು ಅವನ ತಮ್ಮ. ಅಪ್ಪ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಗಿರಣಿ ಮುಚ್ಚಿದಾಗ ಉಳಿದವರೆಲ್ಲ ಬೇರೆ ಕೆಲಸ ಹುಡುಕಿಕೊಂಡರೆ ಈ ಮಹಾನುಭಾವ ಗುಜರಿ ಅಂಗಡಿಯಿಂದ ಪೈಪು, ತಗಡು, ಹಿತ್ತಾಳೆ ತುಂಡು ಹೊತ್ತು ತಂದು ಸೊಂಟದೆತ್ತರದ ಉಗಿ ಎಂಜಿನ್ನು ಮಾಡಿದ. ಬೆಳಿಗ್ಗೆ ಬೆಂಕಿ ಹಚ್ಚಿದ ಕೂಡಲೇ ಕೆಮ್ಮಲು ಶುರು ಮಾಡುವುದರಿಂದ ಅದಕ್ಕೆ ಅಜ್ಜಿ ಎಂದು ಹೆಸರು. ಚಿಕ್ಕಪ್ಪ ಟೇಲರ್. ಬೋಗಿಯ ಸೀಟುಗಳಿಗೆ ಹೊದಿಕೆ, ಹಸಿರು ಬಾವುಟ, ಕೆಂಪು ಬಾವುಟ, ತನಗೊಂದು ಹಿತ್ತಾಳೆ ಗುಂಡಿಯ ಗಾರ್ಡ್ ಕೋಟು, ಎಲ್ಲ ಅವನದೇ ಹೊಲಿಗೆ. ಅಜ್ಜಿಗೆ ಬಿಗಿಯಾದ ತಿರುವು ಆಗುವುದಿಲ್ಲ. ಅಪ್ಪನ ಜಮೀನಿನೊಳಗೇ ಅವಳನ್ನು ಸುತ್ತಿಸಲು ಜಾಗ ಸಾಲದೆ ಹೋದಾಗ ಚಿಕ್ಕಪ್ಪ, "ನನ್ನ ಕಡೆಯಿಂದ ತಗೊಂಡು ಹೋಗಣ್ಣ, ಅದೇನು ಪರದೇಶವಾ?" ಅಂದನಂತೆ. ಕಾಗದವಿಲ್ಲ, ಪತ್ರವಿಲ್ಲ. ಅಣ್ಣತಮ್ಮಂದಿರು ಕಾಗದ ಮಾಡಿಕೊಳ್ಳುವುದನ್ನು ಕಂಡರೆ ಆಗ ಇಬ್ಬರಿಗೂ ನಗು ಬರುತ್ತಿತ್ತಂತೆ.

ಅಪ್ಪ ಡ್ರೈವರ್, ಚಿಕ್ಕಪ್ಪ ಗಾರ್ಡ್. ಮೂವತ್ತು ವರ್ಷ ಹಾಗೇ ನಡೆಯಿತು. ನಿಜ ಹೇಳಬೇಕೆಂದರೆ ಜನ ಬರುತ್ತಿದ್ದದ್ದು ಅಜ್ಜಿಗಾಗಿ ಎಷ್ಟೋ ಚಿಕ್ಕಪ್ಪನಿಗಾಗಿಯೂ ಅಷ್ಟೇ. "ಹಲ್ಲಿಲ್ಲದವರಿಗೆ ಅರ್ಧ ಟಿಕೆಟ್!" ಎಂದು ಅವನು ಕೂಗಿದರೆ ಮಕ್ಕಳು ಬಾಯಿ ತೆರೆದು ಬಿದ್ದ ಹಲ್ಲಿನ ಜಾಗ ತೋರಿಸುತ್ತಿದ್ದವು, ಅವುಗಳ ತಾತಂದಿರೂ ತೋರಿಸುತ್ತಿದ್ದರು. "ಮುಂದಿನ ನಿಲ್ದಾಣ ಇದೇ ನಿಲ್ದಾಣ! ಅಲ್ಲಿ ಇಳಿಯೋರು ಈಗಲೇ ಇಳಿದ್ಬಿಡಿ, ಟೈಮ್ ಉಳಿಯುತ್ತೆ!" ಎನ್ನುತ್ತಿದ್ದ. ಅಳುವ ಮಗುವನ್ನು ಎತ್ತಿಕೊಂಡು ಹೋಗಿ ಕೊನೆಯ ಬೋಗಿಯಲ್ಲಿ ತನ್ನ ಮಡಿಲಲ್ಲಿ ಕೂರಿಸಿಕೊಳ್ಳುತ್ತಿದ್ದ. ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜು, ಬೆಂಕಿ, ಮುಂದಿನ ಹಳಿ ಇಷ್ಟನ್ನೇ ನೋಡುವ ಮನುಷ್ಯ. ಹಿಂದೆ ಕೂತಿರುವುದು ಜನವೋ ಮೂಟೆಯೋ ಎಂದು ಕೇಳಿದರೆ ಯೋಚಿಸಿ ಹೇಳಬೇಕಿತ್ತು.

ನಾನು ಲಂಗದಿಂದ ಪ್ಯಾಂಟಿಗೆ ಬಂದ ವರ್ಷವೇ ಅಪ್ಪ ನನ್ನನ್ನು ಡ್ರೈವರ್ ಪೆಟ್ಟಿಗೆಯ ಮೇಲೆ ಕೂರಿಸಿ ಓಡಿಸುವುದನ್ನು ಕಲಿಸಿದ. ಅವತ್ತು ಚಿಕ್ಕಪ್ಪ ನನ್ನ ಅಳತೆಗೆ ದಪ್ಪ ಬಟ್ಟೆಯ ಕೈಗವಸು ಹೊಲಿದುಕೊಟ್ಟ. "ಕೈ ಸುಟ್ಟುಕೊಂಡ್ರೆ ನಿಮ್ಮಮ್ಮ ನನ್ನ ಸುಡ್ತಾಳೆ" ಎಂದ. ಅವನಿಗೂ ಆ ಪೆಟ್ಟಿಗೆಯ ಮೇಲೆ ಕೂರುವ ಆಸೆ ಇತ್ತೆಂದು ಯಾರಿಗೂ ಹೊಳೆಯಲಿಲ್ಲ. ಅವನು ಕೇಳಲೂ ಇಲ್ಲ. ಅಣ್ಣನಾದವನು ತಾನಾಗಿಯೇ ಕರೆಯುತ್ತಾನೆಂದು ಕಾದ. ನಮ್ಮ ಮನೆಯ ಗಂಡಸರಿಗೆ ದೇವರು ಬಾಯಿ ಕೊಟ್ಟಿರುವುದು ಊಟಕ್ಕೆ ಮಾತ್ರ ಎಂದು ಅಮ್ಮ ಹೇಳುವುದು ಸುಮ್ಮನೆ ಅಲ್ಲ. ಊರಿಗೆಲ್ಲ ಮಾತಾಡುವ ಚಿಕ್ಕಪ್ಪನೂ ಮನೆಯ ವಿಷಯಕ್ಕೆ ಬಂದರೆ ಮೂಕನೇ.

ಈ ಸಲ ರಜೆಗೆ ಮುಂಚೆ ಒಂದು ಶಾಲೆಯ ಮಕ್ಕಳು ಬರುವ ದಿನ ಅಪ್ಪನಿಗೆ ಜ್ವರ ಬಂತು. ಏಳಲಾಗದ ಜ್ವರ. ನಾನು ಎದ್ದು ಹೋಗುವಷ್ಟರಲ್ಲಿ ಚಿಕ್ಕಪ್ಪ ಬೆಂಕಿ ಹಚ್ಚಿ, ಉಗಿ ಏರಿಸಿ, ಅಜ್ಜಿಯನ್ನು ಒರೆಸಿ ಹೊಳೆಯಿಸಿ ಇಟ್ಟಿದ್ದ. ಮಕ್ಕಳು ಕೂತರು. ಚಿಕ್ಕಪ್ಪ ಬಾವುಟವನ್ನು ನನ್ನ ಕೈಗೆ ಕೊಟ್ಟು, ಒಮ್ಮೆ ಗಂಟಲು ಸರಿ ಮಾಡಿಕೊಂಡು, ಡ್ರೈವರ್ ಪೆಟ್ಟಿಗೆಯ ಮೇಲೆ ಕೂತು ಉಗಿಯ ಹಿಡಿಗೆ ಕೈ ಹಾಕಿದ. ಅಷ್ಟರಲ್ಲಿ ಮನೆಯ ಕಿಟಕಿ ತೆರೆಯಿತು. ಕಂಬಳಿ ಹೊದ್ದ ಅಪ್ಪ ಅಲ್ಲಿಂದಲೇ ಕೂಗಿದ.

"ಏಯ್, ಇಳಿಯೋ ಅಲ್ಲಿಂದ! ಹುಡುಗಿ ಓಡಿಸ್ತಾಳೆ!"

ಮಕ್ಕಳು, ಅವರ ಮೇಷ್ಟ್ರು, ಅಮ್ಮ, ಚಿಕ್ಕಮ್ಮ ಎಲ್ಲರೂ ಅಲ್ಲೇ ಇದ್ದರು. ಚಿಕ್ಕಪ್ಪ ಇಳಿದ. "ಬನ್ನಿ ಡ್ರೈವರಮ್ಮ, ಸೀಟು ಬಿಸಿ ಮಾಡಿಟ್ಟಿದ್ದೀನಿ" ಎಂದು ನನಗೆ ಸಲಾಮು ಹೊಡೆದು ಕೊನೆಯ ಬೋಗಿಗೆ ನಡೆದ. ಅವತ್ತಿಡೀ ದಿನ ಅವನ ಒಂದು ತಮಾಷೆಯೂ ಕಡಿಮೆಯಾಗಲಿಲ್ಲ. ನಾನು ನೆಮ್ಮದಿಯಾಗಿ ಓಡಿಸಿದೆ.

ಮರುದಿನ ಬೆಳಿಗ್ಗೆ ಏರಿನ ಮೇಲೆ ಎರಡು ಜೊತೆ ಹಳಿ ಇರಲಿಲ್ಲ. ಕಳ್ಳರು ಹಾಗೆ ಬಿಚ್ಚುವುದಿಲ್ಲ. ತಪ್ಪಿದ ಹೊಲಿಗೆಯನ್ನು ಬಟ್ಟೆಗೆ ನೋವಾಗದಂತೆ ಬಿಚ್ಚುವ ಹಾಗೆ, ಒಂದು ಕಲ್ಲೂ ಕದಲದಂತೆ ಬಿಚ್ಚಿದ್ದರು. ಬೋಲ್ಟುಗಳು ಎಣ್ಣೆ ಹಾಕಿದ ಡಬ್ಬದಲ್ಲಿ, ಹಳಿಗಳು ಚಿಕ್ಕಪ್ಪನ ಜಗಲಿಯಲ್ಲಿ ಹಳೇ ಪರದೆ ಹೊದ್ದು ಮಲಗಿದ್ದವು. ನೋಡಿ ಬಂದು ಹೇಳಿದೆ. ಅಪ್ಪನಿಗೆ ಜ್ವರ ಇಳಿದಿತ್ತು.

"ನೆಲ ಅವನದು, ಹಳಿ ತೆಗೆದಿದ್ದಾನೆ. ತೆಗೀಲಿ" ಎಂದ.

ಅಷ್ಟೇ. ರೈಲು ನಿಂತಿತು. ಏರಿನ ತನಕ ಹೋಗಿ ಹಿಮ್ಮುಖವಾಗಿ ಬರೋಣ ಎಂದರೆ ಅಪ್ಪ ಒಪ್ಪಲಿಲ್ಲ; ಎಂಜಿನ್ನು ಹಿಂದಕ್ಕೆ ನೂಕಿದರೆ ಕೊಳದ ತಿರುವಿನಲ್ಲಿ ಬೋಗಿ ಹಳಿ ಬಿಡುತ್ತದೆ, ಅದು ನನಗೂ ಗೊತ್ತು. ರಜೆ ಶುರುವಾಯಿತು. ಜನ ಬಂದರು, ಗೇಟಿನಲ್ಲಿ ನಾನು ಕೈ ಮುಗಿದೆ, ವಾಪಸು ಹೋದರು. ಒಂದು ಮಗು ಗೇಟಿನ ಸರಳು ಹಿಡಿದುಕೊಂಡು ಬಿಡಲೇ ಇಲ್ಲ, ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅಪ್ಪ ಓಡದ ಎಂಜಿನ್ನಿಗೆ ದಿನವೂ ಎಣ್ಣೆ ಹಾಕಿದ. ಚಿಕ್ಕಪ್ಪ ತನ್ನ ಹೊಲಿಗೆ ಮಿಷನ್ನನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿಕೊಂಡ, ನಮ್ಮ ಶೆಡ್ಡು ಕಾಣಬಾರದೆಂದು. ಎದುರಿನವನಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಳ್ಳುವುದು ಕೇಳಿದ್ದೆ. ನಮ್ಮಲ್ಲಿ ಇಬ್ಬರೂ ಕೊಯ್ದುಕೊಂಡು ಕೂತಿದ್ದರು.

"ಇಬ್ಬರಿಗೂ ಸೇರಿ ಒಂದು ಬುದ್ಧಿ ಕೊಟ್ಟಿದ್ರೂ ಸಾಕಿತ್ತು. ನೀನು ಹೋಗಿ ಮಾತಾಡೇ, ನಿನ್ನ ಮೇಲೆ ಇಬ್ಬರಿಗೂ ಪ್ರಾಣ" ಎಂದಳು ಅಮ್ಮ.

ಅದೇ ಕಷ್ಟ. ಅವನ ಸೀಟಿನಲ್ಲಿ ಕೂತು ಓಡಿಸಿದವಳೇ ನಾನು. ಯಾವ ಮುಖ ಹೊತ್ತು ಹೋಗಲಿ? ಆದರೂ ಹೋದೆ. ಚಿಕ್ಕಪ್ಪ ಯಾರದೋ ಪ್ಯಾಂಟಿನ ಸೊಂಟ ಅಗಲ ಮಾಡುತ್ತಿದ್ದ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅವನು ಮಿಷನ್ ನಿಲ್ಲಿಸಲಿಲ್ಲ.

"ನಿನ್ನ ಮೇಲೆ ಕೋಪ ಇಲ್ಲಮ್ಮ. ಕೂತ್ಕೋ."

"ಹಾಗಾದ್ರೆ ಹಳಿ ಹಾಕು ಚಿಕ್ಕಪ್ಪ."

"ಹಾಕ್ತೀನಿ. ಒಂದು ಸುತ್ತು ಕೊಡ್ಲಿ ನಿಮ್ಮಪ್ಪ. ಒಂದೇ ಒಂದು. ಖಾಲಿ ಗಾಡಿ ಅಲ್ಲ, ಜನ ಕೂತಿರ್ಬೇಕು. ಅವನು ಗಾರ್ಡ್ ಸೀಟಲ್ಲಿ ಕೂತ್ಕೊಳ್ಲಿ. ಆಮೇಲೆ ಜನ್ಮದಲ್ಲಿ ಕೇಳಲ್ಲ." ಮಿಷನ್ ನಿಂತಿತು. "ಮೂವತ್ತು ವರ್ಷದಿಂದ ಆ ಗಾಡಿಯ ಹಿಂಭಾಗ ನೋಡ್ತಾ ಇದ್ದೀನಿ. ಮುಂದೆ ಕೂತ್ರೆ ಹೇಗಿರುತ್ತೆ ಅಂತ ನೋಡಿ ಸಾಯ್ಬೇಕು. ಅತಿ ಆಯ್ತಾ ಇದು?"

ಅತಿ ಆಗಲಿಲ್ಲ ಎಂದೆ. ಆ ಮಾತನ್ನು ಹೊತ್ತು ಓಡೋಡಿ ಬಂದೆ. ಇಷ್ಟು ಸುಲಭದ್ದನ್ನು ಇಷ್ಟು ದಿನ ಎಳೆದರಲ್ಲ ಎಂದು ನಗು ಕೂಡ ಬಂತು. ಶೆಡ್ಡಿನಲ್ಲಿ ಅಪ್ಪ ಕೇಳಿಸಿಕೊಂಡ, ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಮತ್ತೆ ಬಿಚ್ಚಿದ.

"ಆಗಲ್ಲ."

"ಯಾಕಪ್ಪ ಆಗಲ್ಲ? ನನಗೆ ಕೊಟ್ಟೆ, ಅವನಿಗೆ ಕೊಡೋಕೆ ನಿನ್ನ ಗಂಟೇನು ಹೋಗುತ್ತೆ?"

"ಅವನಿಗೆ ಓಡಿಸೋ ಕೈ ಇಲ್ಲಮ್ಮ." ಅಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹಳಿ ಹಾಕಿದ ಹೊಸತರಲ್ಲಿ ಅವನು ನನ್ನ ಬೆನ್ನ ಹಿಂದೆಯೇ ಕೂತಿರ್ತಿದ್ದ. ಅವಾಗ್ಲೇ ಗೊತ್ತಾಯ್ತು. ಅವನು ಹಿಂದೆ ತಿರುಗ್ತಾನೆ. ಯಾವ ಮಗು ಕೈ ಹೊರಗಿಟ್ಟಿದೆ, ಯಾರು ಹೆದರಿದ್ದಾರೆ, ಯಾರಿಗೆ ಬಿಸಿಲು ಬೀಳ್ತಿದೆ, ಅವನಿಗೆ ಅದೇ. ಗಾರ್ಡ್ ಅಂದ್ರೆ ಅವನಂಥ ಗಾರ್ಡ್ ಇಲ್ಲ. ಆದ್ರೆ ಡ್ರೈವರ್ ಹಿಂದೆ ನೋಡೋ ಹಾಗಿಲ್ಲ. ಎಂಜಿನ್ ಏನು ಹೇಳ್ತಿದೆ ಅಂತ ಕೇಳ್ಬೇಕು. ಅವನಿಗೆ ಅದು ಕೇಳಿಸಲ್ಲ. ಕಲಿಸಿದ್ರೆ ಬರೋದಲ್ಲ ಅದು."

"ಇದನ್ನೇ ಅವನಿಗೆ ಹೇಳು."

"ಹೇಗೆ ಹೇಳ್ಲಿ? ಅವನು ಅವನ ಜಮೀನು ಕೊಟ್ಟು, ರಾತ್ರಿ ಹಗಲು ನನ್ನ ಜೊತೆ ಹಳಿ ಹೊತ್ತಿದ್ದಾನೆ. ನಿನಗೆ ಆಗಲ್ಲ ಕಣೋ ಅಂತ ಹೇಳ್ಲಾ? ಕೊಡಲ್ಲ ಅಂದ್ರೆ ಕೆಟ್ಟವನು ನಾನಾಗ್ತೀನಿ, ಆಗ್ಲಿ ಬಿಡು ಅಂದ್ಕೊಂಡೆ."

ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅಲ್ಲಿದ್ದ ಎಣ್ಣೆಯ ಕ್ಯಾನನ್ನು ಒದ್ದೆ. ಸಿಟ್ಟಿನ ಜೊತೆಗೆ ಅವನು ಹೇಳುವುದು ನಿಜವೆಂದೂ ಗೊತ್ತಿತ್ತು. ಆ ಮಕ್ಕಳು ಬಂದ ದಿನ ಹಿಡಿಗೆ ಕೈ ಹಾಕಿದಾಗ ಚಿಕ್ಕಪ್ಪನ ಕತ್ತು ಹಿಂದಕ್ಕೆ ತಿರುಗಿತ್ತು. ನಾನು ನೋಡಿದ್ದೆ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಅಮ್ಮನ ಬೈಗುಳಕ್ಕೋ ಗೇಟಿನಲ್ಲಿ ನಿಲ್ಲುತ್ತಿದ್ದ ಜನರಿಗೋ ಮಣಿದು, ಒಂದು ಬೆಳಿಗ್ಗೆ ಅಪ್ಪ ತಾನಾಗಿ ಬಂದು, "ಭಾನುವಾರ ಓಡಿಸೋಕೆ ಬಾ ಅಂತ ಅವನಿಗೆ ಹೇಳು" ಎಂದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ. "ನೀನು ಮೊದಲನೇ ಬೋಗಿಯಲ್ಲಿ, ಅವನ ಬೆನ್ನ ಹಿಂದೆ ಕೂತ್ಕೋ. ನೀರು ಗಾಜಿನ ಗೆರೆಯಿಂದ ಕೆಳಗೆ ಹೋದ್ರೆ ಕೈ ಹಾಕು, ಬಾಯ್ಲರ್ ಸಿಡಿದೀತು, ಅದು ಪ್ರಾಣದ ವಿಷಯ. ಬೇರೆ ಏನಾದ್ರೂ ಆಗ್ಲಿ, ಕೈ ಹಾಕಬೇಡ. ಎಲ್ಲರ ಎದುರು ಇನ್ನೊಂದು ಸಲ ಅವನ ಕೈಯಿಂದ ಕಿತ್ಕೋಬಾರ್ದು."

ಹಳಿಗಳು ಶನಿವಾರವೇ ಜಾಗಕ್ಕೆ ಬಂದವು. ಭಾನುವಾರ ಚಿಕ್ಕಪ್ಪ ನೀಲಿ ಡ್ರೈವರ್ ಅಂಗಿ ಹಾಕಿಕೊಂಡು ಬಂದ. ಅದನ್ನು ನಾವ್ಯಾರೂ ನೋಡಿರಲಿಲ್ಲ. ಹೊಲಿಗೆ ಅಚ್ಚುಕಟ್ಟು, ಜೇಬಿನ ಮೇಲೆ ಚಿಕ್ಕ ಚಕ್ರದ ಕಸೂತಿ. ಆದರೆ ಹೊಟ್ಟೆಯ ಹತ್ತಿರ ಗುಂಡಿ ಹಾಕಲು ಆಗುತ್ತಿರಲಿಲ್ಲ, ಮಡಿಕೆಯ ಗೆರೆಗಳು ಹಳದಿಯಾಗಿದ್ದವು. ಯಾವಾಗ ಹೊಲಿದಿದ್ದೆ ಎಂದು ಯಾರೂ ಕೇಳಲಿಲ್ಲ. ಅವನು ತೆಳ್ಳಗಿದ್ದಾಗ ಹೊಲಿದದ್ದೆಂದು ಅಂಗಿಯೇ ಹೇಳುತ್ತಿತ್ತು. ಅಪ್ಪ ಅದನ್ನು ನೋಡಿ ಮುಖ ತಿರುಗಿಸಿ, ಬಾವುಟ ಹಿಡಿದು ಗಾರ್ಡ್ ಸೀಟಿಗೆ ಹೋದ. ಅವನು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಸೀಟಿ ಊದಲು ಎರಡು ಸಲ ಪ್ರಯತ್ನಿಸಬೇಕಾಯಿತು.

ಗಾಡಿ ತುಂಬಿತ್ತು. ಹೊರಡುವಾಗ ಸ್ವಲ್ಪ ಎಗರಿತು, ಮಕ್ಕಳು ಹೋ ಎಂದವು, ಅದೂ ಚೆನ್ನಾಗಿಯೇ ಇತ್ತು. ಹುಲ್ಲುಗಾವಲಿನ ಸಮತಟ್ಟಿನಲ್ಲಿ ಚಿಕ್ಕಪ್ಪನ ಬೆನ್ನು ನೆಟ್ಟಗಾಯಿತು. ಅವನ ಕಿವಿಗಳು ಕೆಂಪಾಗಿದ್ದವು. ನನ್ನ ಕಡೆ ಅರ್ಧ ತಿರುಗಿ, "ಗಾಳಿ ಮುಖಕ್ಕೇ ಬರುತ್ತೆ ಕಣೇ!" ಎಂದ. ದೇವರೇ, ಇವತ್ತೊಂದು ದಿನ ಅಪ್ಪನ ಮಾತು ತಪ್ಪಾಗಲಿ ಎಂದು ನಾನು ಬೇಡಿಕೊಂಡೆ.

ಏರಿನಲ್ಲಿ ಗೆಲ್ಲಬೇಕಾದರೆ ಕೊಳದ ಹತ್ತಿರವೇ ಕೆಲಸ ಮುಗಿದಿರಬೇಕು. ತಿರುವಿಗೆ ಮುಂಚೆ ಬೆಂಕಿಗೆ ಇದ್ದಿಲು, ತಿರುವು ಬಿಟ್ಟ ಕೂಡಲೇ ಉಗಿ, ಆಮೇಲೆ ಗಾಡಿ ತನ್ನ ಓಟದಲ್ಲೇ ಅರ್ಧ ಏರು ಹತ್ತಿಬಿಡುತ್ತದೆ. ಚಿಕ್ಕಪ್ಪ ಸಲಿಕೆ ಎತ್ತಿದ. ಅಷ್ಟರಲ್ಲಿ ಮೂರನೇ ಬೋಗಿಯ ಒಬ್ಬ ಹುಡುಗಿ ಬಾತುಕೋಳಿ ತೋರಿಸುತ್ತ ಹೊರಕ್ಕೆ ಬಾಗಿದಳು. ಅವನು ಹಾಗೇ ತಿರುಗಿದ. "ಪುಟ್ಟೀ, ಕೈ ಒಳಗೆ! ಅವಳನ್ನ ಹಿಡ್ಕೊಳ್ಳಮ್ಮ ತಾಯಿ!" ಹುಡುಗಿ ಸರಿಯಾಗಿ ಕೂರುವ ತನಕ ನೋಡಿದ. ಅವಳ ತಾಯಿ ನಕ್ಕಳು, ಅವನೂ ನಕ್ಕ. ತಿರುವು ಹಿಂದೆ ಹೋಯಿತು.

ಅಜ್ಜಿಯ ಸದ್ದು ಭಾರವಾಯಿತು. ಅವನಿಗೆ ಅದು ಕೇಳಿಸಲಿಲ್ಲ, ನನಗೆ ಕೇಳಿಸಿತು, ಹಿಂದೆ ಕೊನೆಯ ಬೋಗಿಯಲ್ಲಿ ಅಪ್ಪನಿಗೆ ಕೇಳಿಸಿರಲೇಬೇಕು. ಏರಿನ ನಡುವೆ ಗಾಡಿ ತಡವರಿಸಿದಾಗ ಚಿಕ್ಕಪ್ಪ ಗಾಬರಿಯಾಗಿ ಹಿಡಿಯನ್ನು ಪೂರ್ತಿ ಎಳೆದ. ಚಕ್ರ ಇದ್ದಲ್ಲೇ ಗರಗರ ತಿರುಗಿತು. ಗಾಡಿ ನಿಂತಿತು. ಹಿಂದೆ ಅಪ್ಪ ಬ್ರೇಕ್ ತಿರುಗಿಸಿ ಬಿಗಿ ಮಾಡಿದ ಕಿರ್ ಸದ್ದು ಬಂತು, ಇಲ್ಲದಿದ್ದರೆ ಹಿಂದಕ್ಕೆ ಜಾರುತ್ತಿದ್ದೆವು. ಏರಿನಲ್ಲಿ ಗಾಡಿ ನಿಂತಾಗ ಗಾರ್ಡ್ ಬ್ರೇಕ್ ಬಿಟ್ಟು ಏಳುವ ಹಾಗಿಲ್ಲ. ಆ ನಿಯಮ ಮಾಡಿದವನು ಅಪ್ಪನೇ, ಈಗ ಅದು ಅವನನ್ನೇ ಸೀಟಿಗೆ ಕಟ್ಟಿಹಾಕಿತ್ತು.

ಚಿಕ್ಕಪ್ಪ ಮತ್ತೆ ಎಳೆದ. ಮತ್ತೆ ಚಕ್ರ ತಿರುಗಿತು. ಅವನ ಹೆಗಲ ಮೇಲಿಂದ ನನಗೆ ಎಲ್ಲ ಕಾಣುತ್ತಿತ್ತು. ನೀರು ಗೆರೆಗಿಂತ ಮೇಲೆಯೇ ಇತ್ತು. ನನಗೆ ಅದು ಕೆಳಗಿರಬಾರದಿತ್ತೇ ಎನಿಸಿತು, ಅಷ್ಟು ಕೆಟ್ಟ ಯೋಚನೆ ಬಂತು. ಹಿಡಿ ಪೂರ್ತಿ ಮುಚ್ಚಬೇಕು, ಹಳಿಗೆ ಎರಡು ಮುಷ್ಟಿ ಮರಳು ಹಾಕಬೇಕು, ಸ್ವಲ್ಪ ಕಾಯಬೇಕು, ಮತ್ತೆ ಮಗುವನ್ನು ಎಬ್ಬಿಸುವಷ್ಟು ಮೆಲ್ಲಗೆ ತೆರೆಯಬೇಕು, ಅಷ್ಟೇ. ನಾನು ಕೈ ಚಾಚಿದ್ದರೆ ಹಿಡಿ ಸಿಗುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಹೇಳಿಕೊಡೋಣವೆಂದರೆ ಹಿಂದೆ ಬೋಗಿ ತುಂಬ ಜನ. ಚಿಕ್ಕಪ್ಪನ ಕತ್ತಿನಿಂದ ಬೆವರು ಆ ನೀಲಿ ಅಂಗಿಯೊಳಗೆ ಇಳಿಯುತ್ತಿತ್ತು. ಅವನು ತಿರುಗಿ ನನ್ನನ್ನು ನೋಡಿದ. ನನ್ನ ಮುಖ ನೋಡಿದ್ದೇ ಅವನಿಗೆ ಸಾಕಾಯಿತು ಅನಿಸುತ್ತದೆ, ನಾನೇನೂ ನಟನೆ ಬಲ್ಲವಳಲ್ಲ.

"ನೂಕೋಣ ಬನ್ರಪ್ಪಾ!" ಎಂದು ಯಾರೋ ಭಾರಿ ಆಸಾಮಿ ಕೆಳಗೆ ಹಾರಿದ. ಜನಕ್ಕೆ ಅಷ್ಟೇ ಸಾಕಿತ್ತು. ಅಪ್ಪಂದಿರು, ಅಮ್ಮಂದಿರು, ಚಪ್ಪಲಿ ಕೈಯಲ್ಲಿ ಹಿಡಿದ ಒಬ್ಬ ಅಜ್ಜಿ, ಎಲ್ಲ ಇಳಿದು ನೂಕಲು ನಿಂತರು. ಇದೂ ಟಿಕೆಟ್ಟಿನಲ್ಲೇ ಸೇರಿದ ಮಜಾ ಎಂದುಕೊಂಡರೋ ಏನೋ.

"ಬ್ರೇಕ್ ಬಿಟ್ಟೆ!" ಎಂದು ಕೊನೆಯಿಂದ ಅಪ್ಪ ಕೂಗಿದ. ಗಾರ್ಡ್ ಆದವನು ಹೇಳಬೇಕಾದ ಮಾತು. ಆ ಸುತ್ತಿನಲ್ಲಿ ಅವನು ಆಡಿದ್ದು ಅದೊಂದೇ.

ಏರು ಮುಗಿಯಿತು. ಇಳಿಜಾರಿನಲ್ಲಿ ಗಾಡಿ ತಾನಾಗಿಯೇ ಬಂತು. ಸ್ಟೇಷನ್ನಿನಲ್ಲಿ ಜನ ಚಪ್ಪಾಳೆ ಹೊಡೆದರು. ಚಿಕ್ಕಪ್ಪ ಎದ್ದು ನಿಂತು ಬಗ್ಗಿ ನಮಸ್ಕಾರ ಮಾಡಿದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಾನೂ ಹಾಗೇ ಅನ್ನೋಣ ಅಂದ್ರೆ ಏನ್ಮಾಡ್ಲಿ ಸ್ವಾಮಿ, ನೆಲವೂ ನಂದೇ!" ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಲೇ ನನಗೆ ಅಳು ಬಂತು.

ಜನ ಹೋದ ಮೇಲೆ ನಾನು ಶೆಡ್ಡಿನಲ್ಲಿ ಅಜ್ಜಿಯ ಬೂದಿ ಕೆರೆಯುತ್ತಿದ್ದೆ. ಅವರಿಬ್ಬರೂ ಹೊರಗೆ ನೀರಿನ ತೊಟ್ಟಿಯ ಹತ್ತಿರ ಇದ್ದರು. ಚಿಕ್ಕಪ್ಪ ಕೈ ತೊಳೆಯುತ್ತಿದ್ದ.

"ನಿನಗೆ ಗೊತ್ತಿತ್ತು ಅಲ್ವಾ ಅಣ್ಣ?"

"ಹೂಂ."

"ಯಾವಾಗಿಂದ?"

"ಮೊದಲಿಂದ."

ನೀರು ಸುರಿಯುವ ಸದ್ದು ನಿಂತಿತು. "ಹೇಳ್ಬಾರದಿತ್ತಾ? ಹೇಳಿದ್ರೆ ಅವತ್ತೇ ಒಂದು ಸಲ ಅತ್ತು ಮುಗಿಸ್ತಿದ್ದೆ." ಚಿಕ್ಕಪ್ಪನ ದನಿಯಲ್ಲಿ ಜಗಳವಿರಲಿಲ್ಲ. ಜಗಳವಿದ್ದಿದ್ದರೆ ಎಷ್ಟೋ ವಾಸಿ. "ಇಷ್ಟು ವರ್ಷ ನೀನು ಕೊಡ್ತಾ ಇಲ್ಲ ಅಂದ್ಕೊಂಡಿದ್ದೆ. ಕೊಟ್ಟಿದ್ರೆ ಓಡಿಸ್ತಿದ್ದೆ ಅಂದ್ಕೊಂಡಿದ್ದೆ. ಹಾಗೆ ಅಂದ್ಕೊಂಡು ಇರೋದೇ ಚೆನ್ನಾಗಿತ್ತು."

ಅಪ್ಪ ಏನಾದರೂ ಹೇಳುತ್ತಾನೆಂದು ನಾನು ಬೂದಿ ಕೆರೆಯುವುದನ್ನು ನಿಲ್ಲಿಸಿ ಕಾದೆ. ಅಪ್ಪ ತೊಟ್ಟಿಯ ಮೇಲೆ ಮುಚ್ಚಳ ಎಳೆದ. ತನ್ನ ಮಾತೇ ಸರಿಯೆಂದು ಸಾಬೀತಾದವನಿಗೆ ಹೇಳಲು ಏನೂ ಇರುವುದಿಲ್ಲ ಎನ್ನುವುದು ನನಗೆ ಅವತ್ತು ತಿಳಿಯಿತು. ಚಿಕ್ಕಪ್ಪ ಅಂಗಿಯ ಅಂಚಿಗೆ ಕೈ ಒರೆಸಿಕೊಂಡು ಮನೆಯ ಕಡೆ ನಡೆದ.

ವಾರದ ನಡುವೆ ಚಿಕ್ಕಮ್ಮ ಒಂದು ಗಂಟು ತಂದುಕೊಟ್ಟಳು. ಗಾರ್ಡ್ ಕೋಟು, ಒಗೆದು ಇಸ್ತ್ರಿ ಮಾಡಿದ್ದು. ಭುಜ ಕಿರಿದು ಮಾಡಿ, ತೋಳು ಮೋಟು ಮಾಡಿ ನನ್ನ ಅಳತೆಗೆ ತಂದಿದ್ದ. ಹಾಕಿ ನೋಡಿದರೆ ಎಲ್ಲೂ ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. "ಹಳಿ ಇರಲಿ, ಗಾಡಿ ಎಷ್ಟು ದಿನ ಬೇಕಾದರೂ ಓಡಲಿ ಅಂತ ಹೇಳಿದ್ದಾರೆ. ಕೋಪ ಇಲ್ವಂತೆ" ಎಂದಳು ಚಿಕ್ಕಮ್ಮ. ಅಮ್ಮ ಅವಳಿಗೆ ಕಾಫಿ ಕೊಟ್ಟಳು.

ಅಪ್ಪ ಅವತ್ತೇ ಸಂಜೆ ಚಿಕ್ಕಪ್ಪನ ಮನೆಗೆ ಹೋದ. ಎಷ್ಟೋ ಹೊತ್ತು ಕೂತು ಬಂದ. ಏನು ಮಾತಾಡಿದಿರಿ ಎಂದು ಅಮ್ಮ ಕೇಳಿದರೆ, "ಅವನ ಮಿಷನ್ನಿನ ಬೆಲ್ಟು ಸಡಿಲ ಆಗಿತ್ತು, ಬಿಗಿ ಮಾಡಿದೆ" ಎಂದ.

ಮುಂದಿನ ಭಾನುವಾರ ಬಿಸಿಲು ಚೆನ್ನಾಗಿತ್ತು, ಸಾಲು ಗೇಟಿನ ತನಕ ಇತ್ತು. ಅಪ್ಪ ಉಗಿ ಏರಿಸಿ ಕೂತಿದ್ದ. ನಾನು ಟಿಕೆಟ್ ಕೊಟ್ಟು ಮುಗಿಸಿ ಓಡಿ ಹೋಗಿ ಬಾವುಟ ಹಿಡಿಯಬೇಕಿತ್ತು, ಹಾಗಾಗಿ ತಲೆ ಎತ್ತದೆ ಹರಿದು ಹರಿದು ಕೊಡುತ್ತಿದ್ದೆ. ಕಿಂಡಿಯೊಳಗೆ ಒಂದು ಕೈ ಬಂತು, ಹೆಬ್ಬೆರಳಿಗೆ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳಿದ್ದ ಕೈ. ಹಿಂದೆ ಚಿಕ್ಕಮ್ಮ ಹೊರಗೆ ಹೋಗುವಾಗಿನ ಸೀರೆ ಉಟ್ಟು ನಿಂತಿದ್ದಳು.

"ಎರಡು ಕೊಡಮ್ಮ. ದೊಡ್ಡವರದು."

"ಚಿಕ್ಕಪ್ಪಾ, ನಿನಗ್ಯಾಕೆ ಟಿಕೆಟ್ಟು? ಬಾ ಒಳಗೆ."

"ಕೂತ್ಕೊಳ್ಳೋರು ಟಿಕೆಟ್ ತಗೋಬೇಕಲ್ವಾ?" ಎಂದ. ವ್ಯಂಗ್ಯವಿರಲಿಲ್ಲ. ಅಕ್ಕರೆಯಿಂದಲೇ ಹೇಳಿದ, ಯಾರೋ ಹೊಸಬರ ಅಂಗಡಿಯಲ್ಲಿ ಹೇಳುವ ಹಾಗೆ. "ಕೊಡು ಕೊಡು, ಹಿಂದೆ ಜನ ಕಾಯ್ತಾ ಇದ್ದಾರೆ."

ಎಂಜಿನ್ನಿನ ಹತ್ತಿರ ಅಪ್ಪ ಎದ್ದು ನಿಂತಿದ್ದ. ಅವನು ನಮ್ಮನ್ನೇ ನೋಡುತ್ತಿದ್ದ. ನಾನು ಎರಡು ಟಿಕೆಟ್ ಹರಿದು ಕೊಟ್ಟೆ.